ಕಾರ್ಕಳದ ಸುರಂಗ ಮತ್ತು ಅಕ್ಕನ ಪ್ಲಗ್ಗು

ಕಾಪುವಿನ ಮನೆಗೆ ನಾನು ಸಂಜೆ ಮುಟ್ಟಿದ ಕೂಡಲೇ ಅಮ್ಮ ಕೇಳುತ್ತಿದ್ದ ಪ್ರಶ್ನೆ ಆ ವಾರ ಪೂರ್ತಿ ಒಂದೇ ಆಗಿತ್ತು: “ನಿನ್ನ ಸುರಂಗ ಎಲ್ಲಿಗೆ ಮುಟ್ಟಿತು?” ಉಡುಪಿಯಿಂದ ಕಾರ್ಕಳಕ್ಕೆ ಒಂದು ಟನೆಲ್ ಮಾಡಲಿಕ್ಕುಂಟು ಎಂದು ಸೋಮವಾರ ಬೆಳಿಗ್ಗೆ ಗಂಜಿ ಉಣ್ಣುತ್ತ ಬಾಯಿ ಬಿಟ್ಟಿದ್ದೆ. ಅದು ಮಣ್ಣು ಅಗೆಯುವ ಸುರಂಗವಲ್ಲ, ಕಂಪ್ಯೂಟರಿನದ್ದು ಎಂದು ಅಮ್ಮನಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಸಿಕ್ಕಿದ್ದನ್ನು ಬಿಡುವವಳಲ್ಲ. “ಕಾರ್ಕಳದ ಬಂಡೆ ಕೊರೆಯುವುದು ಸುಲಭವಾ? ನಾಳೆ ಹೋಗುವಾಗ ಉಳಿ, ಸುತ್ತಿಗೆ ಹಿಡಿದುಕೊಂಡು ಹೋಗು” ಎಂದು ಮೀನಿನ ಬುಟ್ಟಿ ತೊಳೆಯುತ್ತ ನಗುತ್ತಿದ್ದಳು.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಮಣಿಪಾಲದ ಒಂದು ಸಣ್ಣ ನೆಟ್‌ವರ್ಕ್ ಕಂಪೆನಿಯಲ್ಲಿದ್ದೆ. ಉಡುಪಿಯ ಆಸ್ಪತ್ರೆಯೊಂದಕ್ಕೆ ಕಾರ್ಕಳದಲ್ಲಿ ಒಂದು ಶಾಖೆ. ಆ ಶಾಖೆಯಲ್ಲಿ ಒಂದು ಎಕ್ಸ್-ರೇ ಯಂತ್ರ, ಅದನ್ನು ನಡೆಸಲು ಒಬ್ಬರು ಟೆಕ್ನಿಷಿಯನ್. ಅವರನ್ನು ರೋಗಿಗಳಿಂದ ಹಿಡಿದು ಡಾಕ್ಟರರವರೆಗೆ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಚಿತ್ರ ತೆಗೆಯುವುದು ಕಾರ್ಕಳದಲ್ಲಾದರೆ, ಅದನ್ನು ನೋಡಿ ವರದಿ ಬರೆಯುವ ಹಿರಿಯ ಡಾಕ್ಟರು ಇದ್ದದ್ದು ಉಡುಪಿಯಲ್ಲಿ. ಕಂಪ್ಯೂಟರಿನಲ್ಲಿ ಮೂಡಿದ ಚಿತ್ರವನ್ನು ಅಕ್ಕ ಫಿಲ್ಮಿನ ಮೇಲೆ ಅಚ್ಚು ಹಾಕಿ, ಕವರಿಗೆ ತುಂಬಿ ಬಸ್ಸಿನ ಕಂಡಕ್ಟರನ ಕೈಗೆ ಕೊಡಬೇಕು, ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಹೋಗಿ ಇಳಿಸಿಕೊಳ್ಳಬೇಕು, ವರದಿ ಮರುದಿನ ಅದೇ ದಾರಿಯಲ್ಲಿ ತಿರುಗಿ ಬರಬೇಕು. ಹೆಬ್ರಿ ಕಡೆಯಿಂದ ಕೈ ಊದಿಸಿಕೊಂಡು ಬಂದವರು ಮೂಳೆ ಮುರಿದಿದೆಯೋ ಇಲ್ಲವೋ ತಿಳಿಯಲು ಒಂದು ರಾತ್ರಿ ಕಾಯಬೇಕಿತ್ತು.

ಹಾಗೆ ಕಾಯಲಾರದವರು ನೇರವಾಗಿ ಉಡುಪಿಗೇ ಹೋಗತೊಡಗಿದರು. ಹಾಗಾದರೆ ಯಂತ್ರ ಕಾರ್ಕಳದಲ್ಲಿ ಯಾಕೆ ಎಂದು ಆಸ್ಪತ್ರೆಯ ಮ್ಯಾನೇಜರು ಕೇಳಿದರು. ಕೊನೆಗೆ ಒಂದು ತೀರ್ಮಾನವಾಯಿತು: ಆ ಶನಿವಾರ ಮಧ್ಯಾಹ್ನ ಕಾರ್ಕಳದಲ್ಲಿ ತೆಗೆದ ಚಿತ್ರ ಉಡುಪಿಯ ಡಾಕ್ಟರರ ಪರದೆಯ ಮೇಲೆ ಕಾಣಬೇಕು. ಕಂಡರೆ ಯಂತ್ರ ಅಲ್ಲಿರುತ್ತದೆ, ಕಾಣದಿದ್ದರೆ ಸೋಮವಾರ ಬಿಚ್ಚಿ ಉಡುಪಿಗೆ ತರುತ್ತಾರೆ. ಬಿಚ್ಚುವವರಿಗೆ ಹೇಳಿಯೂ ಆಗಿತ್ತು. ಆ ಯಂತ್ರ ಕಾರ್ಕಳಕ್ಕೆ ಬರಲಿ ಎಂದು ವರ್ಷಗಟ್ಟಲೆ ಆಡಳಿತದವರ ಬೆನ್ನು ಬಿದ್ದವರು ಅಕ್ಕ. ನಾನು ಮೊದಲ ದಿನ ಫೋನು ಮಾಡಿದಾಗ ಅವರು ನಮಸ್ಕಾರವನ್ನೂ ಹೇಳಲಿಲ್ಲ.

“ಶನಿವಾರಕ್ಕೆ ಆಗ್ತದಾ ಇಲ್ವಾ, ಅಷ್ಟು ಹೇಳಿ” ಎಂದರು.

“ಆಗ್ತದೆ ಅಕ್ಕ” ಎಂದೆ. ಹೇಳುವುದಕ್ಕೆ ಎಂತ ಕಷ್ಟ!

ಅಕ್ಕನೂ ನಾನೂ ಆಡಿದ್ದು ಅರ್ಧಕ್ಕರ್ಧ ತುಳುವಿನಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡ ಮಾಡಿ ಬರೆದಿದ್ದೇನೆ.

ಇನ್ನು ಸುರಂಗದ ವಿಷಯ. ಉಡುಪಿಯಲ್ಲಿ ಒಂದು ಸ್ವಿಚ್ಚು, ಕಾರ್ಕಳದಲ್ಲಿ ಒಂದು ಸ್ವಿಚ್ಚು. ದೀಪ ಹಾಕುವ ಸ್ವಿಚ್ಚಲ್ಲ, ಕಂಪ್ಯೂಟರುಗಳ ಮಾತನ್ನು ಅತ್ತಿಂದಿತ್ತ ದಾಟಿಸುವ ಪೆಟ್ಟಿಗೆ. ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಒಂದು ಪಟ್ಟಿ ಇಂಥ ಪೆಟ್ಟಿಗೆಯೊಳಗೆ ಇರುತ್ತದೆ, ರೂಟಿಂಗ್ ಟೇಬಲ್ ಎನ್ನುತ್ತೇವೆ. ನಮ್ಮ ಎರಡೂ ಸ್ವಿಚ್ಚುಗಳಲ್ಲಿ ಅಂಥ ಪಟ್ಟಿ ಎರಡೆರಡು. ಒಂದು ಆಫೀಸಿನ ಕಂಪ್ಯೂಟರುಗಳಿಗೆ, ಇನ್ನೊಂದು ಎಕ್ಸ್-ರೇಗೆ ಮಾತ್ರ. ಆಗ ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ವೈರಸ್ಸು ಹಾರುತ್ತಿದ್ದ ಕಾಲ. ಬಿಲ್ಲು ಬರೆಯುವ ಕಂಪ್ಯೂಟರಿನ ಕಾಯಿಲೆ ಎಕ್ಸ್-ರೇ ಯಂತ್ರಕ್ಕೆ ತಗಲಬಾರದೆಂದು ಈ ಏರ್ಪಾಡು. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದು ಒಲೆ ಬೇರೆ ಮಾಡಿಕೊಂಡ ಹಾಗೆ. ಒಂದು ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಇನ್ನೊಂದಕ್ಕೆ ತಿಳಿಯದು. ಆದರೆ ಉಡುಪಿಗೂ ಕಾರ್ಕಳಕ್ಕೂ ನಡುವೆ ಇದ್ದದ್ದು ಒಂದೇ ಲೈನು, ಆ ಲೈನಿಗೆ ಗೊತ್ತಿದ್ದದ್ದು ಆಫೀಸಿನ ಪಟ್ಟಿ ಮಾತ್ರ. ಆದ್ದರಿಂದ ಎಕ್ಸ್-ರೇಯ ಮಾತನ್ನು ಆಫೀಸಿನ ಕವರಿನೊಳಗೆ ಮಡಚಿಟ್ಟು ಕಳಿಸಬೇಕು, ಆ ಕಡೆಯವರು ಕವರು ಒಡೆದು ತೆಗೆದುಕೊಳ್ಳಬೇಕು. ಅಕ್ಕ ಬಸ್ಸಿನಲ್ಲಿ ಫಿಲ್ಮು ಕಳಿಸುತ್ತಿದ್ದ ಕ್ರಮವೇ. ಇದಕ್ಕೆ ಟನೆಲ್ ಎಂದು ಹೆಸರು.

ಕೆಲಸಕ್ಕೆ ನಾವು ಇಬ್ಬರು. ನನ್ನ ಸಹೋದ್ಯೋಗಿ ಗದಗದ ಕಡೆಯವನು, ಪರ್ಕಳದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದ. ಕುಚ್ಚಲಕ್ಕಿ ಅನ್ನವನ್ನು ಒಂದೊಂದೇ ಅಗುಳಾಗಿ ಅನುಮಾನದಿಂದ ನೋಡುತ್ತಿದ್ದ ಮನುಷ್ಯ. ಸೋಮವಾರ ಅವನು ಕಾರ್ಕಳಕ್ಕೆ ಹೋದ, ನಾನು ಉಡುಪಿಯಲ್ಲಿ ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತೆ. ಅಲ್ಲಿ ಸ್ವಿಚ್ಚಿನ ಜತೆಗೆ ಕಾಲು ಮುರಿದ ಮಂಚಗಳೂ ಇದ್ದವು. ಒಂದು ಸ್ಟೂಲು, ಒಂದು ಫೋನು, ಗಾಳಿಗಿಂತ ಶಬ್ದವನ್ನೇ ಹೆಚ್ಚು ಕೊಡುವ ಒಂದು ಫ್ಯಾನು ನನ್ನ ಪಾಲಿಗೆ ಬಂದವು.

ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆ ಟನೆಲ್ ‘ಅಪ್’ ಎಂದು ತೋರಿಸಿತು. “ಬಂತ್ ನೋಡ್ರಿ ಮೇಡಂ!” ಎಂದು ಅವನು ಫೋನಿನಲ್ಲಿ ಕೂಗಿದ. ನಾನು ಪಿಂಗ್ ಕಳಿಸಿದೆ. ಪಿಂಗ್ ಎಂದರೆ ‘ಇದ್ದೀಯಾ’ ಎಂದು ಕೂಗಿ ನೋಡುವುದು. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ, ಆಗಲೂ ಇಲ್ಲ. ಈ ಟನೆಲ್‌ಗಳ ಸ್ವಭಾವವೇ ಹಾಗೆ. ಆ ಕಡೆಗೆ ಹೋಗುವ ದಾರಿಯೊಂದು ಪಟ್ಟಿಯಲ್ಲಿದ್ದರೆ ಸಾಕು, ‘ನಾನು ಅಪ್’ ಎಂದು ಎದೆ ತಟ್ಟಿಕೊಳ್ಳುತ್ತವೆ. ಆ ಕಡೆ ಯಾರಾದರೂ ಇದ್ದಾರೋ ಇಲ್ಲವೋ ನೋಡುವುದಿಲ್ಲ.

ಅವನು ಸ್ವಿಚ್ಚಿಗೆ ಕೊಟ್ಟ ಆಜ್ಞೆಯ ಸಾಲುಗಳನ್ನು ಒಂದೊಂದಾಗಿ ಓದಿಸಿ ಕೇಳಿದೆ. ಟನೆಲ್ ಇತ್ತು, ಅದು ಎಕ್ಸ್-ರೇ ಪಟ್ಟಿಗೆ ಸೇರಿಯೂ ಇತ್ತು, ಆದರೆ ಅದಕ್ಕೆ ಕೊಟ್ಟ ವಿಳಾಸವೇ ಮಾಯ!

“ನಾ ಹಾಕಿದ್ದೆರಿ! ಆಣಿ ಮಾಡಿ ಹೇಳ್ತೇನಿ, ಮೊದ್ಲ ವಿಳಾಸನ ಹಾಕಿದ್ದು.”

ತಪ್ಪಾದದ್ದು ಆ ‘ಮೊದಲು’ ಎಂಬಲ್ಲಿ. ವಿಳಾಸ ಕೊಟ್ಟಾದ ಮೇಲೆ ಇದು ಬೇರೆ ಪಟ್ಟಿಗೆ ಸೇರಿದ್ದು ಎಂದು ಹೇಳಿದರೆ ಸ್ವಿಚ್ಚು ಹಳೆ ವಿಳಾಸವನ್ನು ಅಳಿಸಿಬಿಡುತ್ತದೆ. ಮನೆ ಬದಲಾದ ಮೇಲೆ ಹಳೆ ಮನೆಯ ನಂಬರು ಯಾಕೆ ಎಂಬುದು ಅದರ ನ್ಯಾಯ. ಮೊದಲು ಪಟ್ಟಿ, ಆಮೇಲೆ ವಿಳಾಸ. ಹಾಗೆ ಮಾಡಿದ ಕೂಡಲೇ ಪಿಂಗ್ ಓಡಿತು. “ಪಟ್ಟಿ ಮೊದಲು ಮಾರಾಯ, ಪಟ್ಟಿ ಮೊದಲು” ಎಂದು ಅವನನ್ನು ಮನಸಾರೆ ಗೇಲಿ ಮಾಡಿ, ಹೊರಗೆ ಹೋಗಿ ಒಂದು ಪ್ಲೇಟು ಗೋಳಿಬಜೆ ತಿಂದೆ. ಅಮ್ಮನಿಗೆ ಸುರಂಗ ಮುಗಿಯಿತು ಎಂದು ಹೇಳಿ ನಿದ್ದೆ ಮಾಡಿದೆ.

ಮಂಗಳವಾರ ಬೆಳಿಗ್ಗೆ ನೋಡಿದರೆ ಉತ್ತರವಿಲ್ಲ. ಕಾರ್ಕಳದ ಸ್ವಿಚ್ಚಿನಲ್ಲಿ ಟನೆಲ್ ಎಂಬುದೇ ಇಲ್ಲ, ಯಾರೋ ಒರಸಿ ತೆಗೆದ ಹಾಗೆ. ಅವನು ಪುನಃ ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗಿ ಎಲ್ಲವನ್ನೂ ಹೊಸತಾಗಿ ಹಾಕಿದ, ಸಂಜೆಯವರೆಗೆ ಚಂದ ಓಡಿತು. ಬುಧವಾರ ಬೆಳಿಗ್ಗೆ ನೋಡಿದರೆ ಮತ್ತೆ ಇಲ್ಲ. ನಾನು ಸ್ವಿಚ್ಚಿನ ಸಾಫ್ಟ್‌ವೇರನ್ನು ಬೈದೆ, ಅವನು ಸ್ವಿಚ್ಚು ಮಾರಿದವರನ್ನು ಬೈದ. ಅಮ್ಮ ಮಾತ್ರ “ಹಗಲು ಕೊರೆದದ್ದು ರಾತ್ರಿ ಮುಚ್ಚಿಹೋಗ್ತದಾ? ಹಾಗಾದರೆ ಅದು ಕಡಲ ಬದಿಯ ಹೊಯಿಗೆ, ಕಲ್ಲು ಅಲ್ಲ” ಎಂದು ತನ್ನದೇ ತೀರ್ಪು ಕೊಟ್ಟಳು. ನನಗೆ ಆ ಹೊತ್ತಿನಲ್ಲಿ ನಗು ಬರಲಿಲ್ಲ. ಶನಿವಾರ ಹತ್ತಿರ ಬರುತ್ತಿತ್ತು, ಅಕ್ಕನಿಗೆ ಆಗ್ತದೆ ಎಂದು ಮಾತು ಕೊಟ್ಟವಳು ನಾನು.

ಬುಧವಾರ ಮಧ್ಯಾಹ್ನ ಒಂದು ಸುಳಿವು ಸಿಕ್ಕಿತು. ಎದ್ದು ಎಷ್ಟು ಹೊತ್ತಾಯಿತು ಎಂಬುದನ್ನು ಸ್ವಿಚ್ಚು ತಾನೇ ಲೆಕ್ಕವಿಡುತ್ತದೆ. ಉಡುಪಿಯದ್ದು ತಿಂಗಳುಗಳಿಂದ ಎಚ್ಚರವಾಗಿತ್ತು. ಕಾರ್ಕಳದ್ದು ಅದೇ ಬೆಳಿಗ್ಗೆ ಎದ್ದದ್ದು. ಅಂದರೆ ದಿನಾ ಅದು ಆರಿ ಹೊತ್ತುತ್ತಿದೆ. ಯುಪಿಎಸ್ ಹಾಳಾಗಿರಬೇಕು ಎಂದು ನಾನು ಊಹಿಸಿದೆ. ಗುರುವಾರ ಅವನು ಒಂದು ಮೀಟರು ಹಿಡಿದುಕೊಂಡು ಹೋಗಿ ಯುಪಿಎಸ್ ಎದುರು ಕಾವಲು ಕೂತ.

ಸಂಜೆ ಅವನ ಫೋನು ಬಂತು.

“ಮೇಡಂ, ಕಳ್ಳ ಸಿಕ್ಕ್ರಿ.”

“ಯಾರು?”

“ಅಕ್ಕಾರು.”

ಅವನು ಹೇಳಿದ್ದು ಇಷ್ಟು. ಮೂಡು ದಿಕ್ಕಿನಲ್ಲಿ, ಘಟ್ಟದ ಕಡೆ, ಮೋಡ ಕಪ್ಪಾಗಿದೆ. ಎಲ್ಲೋ ದೂರದಲ್ಲಿ ಒಂದು ಗುಡುಗು, ಅದೂ ಗುಡುಗೋ ಲಾರಿಯೋ ತಿಳಿಯದಷ್ಟು ಸಣ್ಣದು. ಅಕ್ಕ ಬಾಗಿಲು ದೂಡಿಕೊಂಡು ಬಂದು “ಏಳಿ ಏಳಿ, ಗುಡುಗು ಬಂತು” ಎಂದು ಅವನನ್ನು ಎಬ್ಬಿಸಿ, ಕಂಪ್ಯೂಟರು, ಪ್ರಿಂಟರು, ಫ್ಯಾಕ್ಸು, ನಮ್ಮ ಸ್ವಿಚ್ಚು, ಒಂದೊಂದೇ ಪ್ಲಗ್ಗು ಕಿತ್ತು, ಕೊನೆಗೆ ಯುಪಿಎಸ್ಸನ್ನೂ ಗೋಡೆಯಿಂದ ಬಿಡಿಸಿಟ್ಟಿದ್ದಾರೆ. ಬೆಳಿಗ್ಗೆ ಬಂದವರೇ ಎಲ್ಲವನ್ನೂ ತಿರುಗಿ ಹಾಕುತ್ತಿದ್ದದ್ದೂ ಅವರೇ.

“ಟೆಲಿಫೋನ್ ವಾಯರ್‌ನೂ ತಗದಾರ್ರಿ. ಅದಕ್ಕ ಬಸ್‌ಸ್ಟ್ಯಾಂಡ್ ಬೂತಿನಿಂದ ಮಾತಾಡಾಕತ್ತೇನಿ. ನಮ್ಮ ಕಡೆ ಗುಡುಗಿದ್ರ ಜನ ಮಳಿ ಬರ್ತೈತಿ ಅಂತ ಅಂಗಳಕ್ಕ ಬರ್ತಾರ್ರಿ. ಇಲ್ಲಿ ಎಲ್ಲಾರೂ ಪ್ಲಗ್ಗಿಗೆ ಓಡ್ತಾರ!”

ನಾನು ಹಣೆ ಚಚ್ಚಿಕೊಂಡೆ. ಕರಾವಳಿಯಲ್ಲಿ ಹುಟ್ಟಿ ಬೆಳೆದವಳಿಗೆ ಇದು ಹೊಳೆಯಬೇಕಿತ್ತು. ನಮ್ಮ ಮನೆಯಲ್ಲೂ ಅದೇ ಕ್ರಮ. ಮೊದಲು ಟಿವಿಯ ಪ್ಲಗ್ಗು, ಆಮೇಲೆ ಕೇಬಲ್ ವಯರು, ಕೊನೆಗೆ ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆ.

ಆದರೆ ಪ್ಲಗ್ಗು ತೆಗೆದ ಮಾತ್ರಕ್ಕೆ ಟನೆಲ್ ಅಳಿಸಿಹೋಗಬಾರದು. ಸ್ವಿಚ್ಚಿಗೆ ಕೊಟ್ಟ ಸಾಲುಗಳನ್ನು ಸೇವ್ ಮಾಡಿದ್ದರೆ ಅದು ಎದ್ದಾಗ ಎಲ್ಲವೂ ನೆನಪಿರುತ್ತದೆ.

“ನೀನು ಸೇವ್ ಮಾಡಿಲ್ವಾ ಮಾರಾಯ?”

“ಇಲ್ರಿ. ಕೆಲ್ಸ ಪೂರಾ ಆಗೂತನಕ ಸೇವ್ ಮಾಡಬ್ಯಾಡ ಅಂತ ನನಗ ಕೆಲ್ಸ ಕಲಿಸಿದವರು ಹೇಳ್ಯಾರ್ರಿ. ಏನರ ತಪ್ಪಾತಂದ್ರ ಆಫ್ ಮಾಡಿ ಆನ್ ಮಾಡಿದ್ರ ಆತು, ಮೊದ್ಲಿನಂಗ ಆಗ್ತೈತಿ.”

ಅದೂ ಸುಳ್ಳಲ್ಲ. ನಮ್ಮ ಕಸುಬಿನಲ್ಲಿ ಒಳ್ಳೆಯ ಅಭ್ಯಾಸವೇ ಅದು. ಗುಡುಗಿಗೆ ಪ್ಲಗ್ಗು ತೆಗೆಯುವುದೂ ಒಳ್ಳೆಯ ಅಭ್ಯಾಸವೇ. ಎರಡು ಜಾಣತನ ಒಂದೇ ಕೋಣೆಯಲ್ಲಿ ಸೇರಿ ನಮ್ಮ ನಾಲ್ಕು ದಿನ ತಿಂದುಹಾಕಿದ್ದವು.

ಶುಕ್ರವಾರ ಬೆಳಿಗ್ಗೆ ಅಕ್ಕನಿಗೆ ಫೋನು ಮಾಡಿ, ಆ ಒಂದು ಪ್ಲಗ್ಗನ್ನಾದರೂ ಬಿಡುತ್ತೀರಾ ಎಂದು ಕೇಳಿದೆ.

“ಅದು ಮಾತ್ರ ಆಗುವುದಿಲ್ಲ ಮಾರಾಯ್ತಿ. ಹಿಂದೊಮ್ಮೆ ಒಂದೇ ಸಿಡಿಲಿಗೆ ಫ್ಯಾಕ್ಸು, ಕಂಪ್ಯೂಟರು, ಎಕ್ಸ್-ರೇಯ ಬೋರ್ಡು ಎಲ್ಲ ಹೋಗಿ ತಿಂಗಳುಗಟ್ಟಲೆ ಕೋಣೆಗೆ ಬೀಗ ಹಾಕಿ ಕೂತವಳು ನಾನು. ಬಂದವರನ್ನೆಲ್ಲ ಉಡುಪಿಗೆ ಹೋಗಿ ಅಂತ ಹೇಳಿ ಹೇಳಿ ನನ್ನ ನಾಲಗೆ ಬಿದ್ದುಹೋಗಿತ್ತು. ಗುಡುಗಿದರೆ ಪ್ಲಗ್ಗು ನಾನು ತೆಗೆಯುವುದೇ. ನಿಮ್ಮ ಸುರಂಗ ಬೇಕಾದರೆ ಮಳೆ ಬಿಟ್ಟ ಮೇಲೆ ಬರಲಿ.”

ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ನನ್ನ ಸಹೋದ್ಯೋಗಿ ಕಾರ್ಕಳಕ್ಕೆ ಹೋಗಿ ಟನೆಲ್ಲಿನ ಸಾಲುಗಳನ್ನು ಇನ್ನೊಮ್ಮೆ ಹಾಕಿ ಸೇವ್ ಮಾಡಿದ, ನಮ್ಮ ಸ್ವಿಚ್ಚಿನ ಪ್ಲಗ್ಗಿಗೆ ಹಸಿರು ಟೇಪು ಸುತ್ತಿದ. ಆಮೇಲೆ ಒಂದು ಲ್ಯಾಪ್‌ಟಾಪನ್ನು ಎಕ್ಸ್-ರೇ ಪಟ್ಟಿಗೆ ಸೇರಿಸಿ, ಅದರಿಂದ ಹಳೆಯ ಚಿತ್ರವೊಂದನ್ನು ನನಗೆ ಕಳಿಸಲು ನೋಡಿದೆವು. ಪಿಂಗ್ ಬರುತ್ತದೆ, ಚಿತ್ರ ಬರುವುದಿಲ್ಲ. ಇದು ಮಾತ್ರ ಬೇಗ ಸಿಕ್ಕಿತು. ಕವರಿನೊಳಗೆ ಕವರು ಹಾಕಿದಾಗ ಒಟ್ಟು ಗಾತ್ರ ಒಂದಿಷ್ಟು ದೊಡ್ಡದಾಗುತ್ತದೆ. ಸಣ್ಣ ಪಿಂಗ್ ನುಸುಳುತ್ತದೆ, ಚಿತ್ರದ ತುಂಬಿದ ಕವರುಗಳು ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಎರಡೂ ಕಡೆ ಒಳಗಿನ ಕವರಿನ ಗಾತ್ರ ಸ್ವಲ್ಪ ಇಳಿಸಿ, ಎಲ್ಲವನ್ನೂ ಸೇವ್ ಮಾಡಿದೆವು. ಯಾರದೋ ಮೊಣಕಾಲು ನನ್ನ ಪರದೆಯ ಮೇಲೆ ಬಂದು ಕೂತಿತು. ಅಷ್ಟು ಚಂದದ ಮೊಣಕಾಲನ್ನು ನಾನು ಅದುವರೆಗೆ ನೋಡಿರಲಿಲ್ಲ.

ಇನ್ನು ಉಳಿದದ್ದು ಒಂದೇ ಹೆಜ್ಜೆ. ನಿಜವಾದ ಎಕ್ಸ್-ರೇ ಕೋಣೆ ಇನ್ನೂ ಆಫೀಸಿನ ಪಟ್ಟಿಯಲ್ಲೇ ಇತ್ತು. ಅದನ್ನು ಎಕ್ಸ್-ರೇ ಪಟ್ಟಿಗೆ ದಾಟಿಸಬೇಕು. ಶುಕ್ರವಾರ ರೋಗಿಗಳ ಸಾಲು ಇದ್ದದ್ದರಿಂದ ಅಕ್ಕ ಶನಿವಾರ ಮಧ್ಯಾಹ್ನದ ಮೇಲೆ ಎಂದರು. ಆಗ ಅವನು ಅಲ್ಲೇ ಇರುತ್ತಾನಲ್ಲ ಎಂದು ನಾನೂ ಒಪ್ಪಿದೆ.

ಶನಿವಾರ ಅವನು ಅಲ್ಲಿರಲಿಲ್ಲ. ಹಿಂದಿನ ದಿನದ ಗಾಳಿಗೆ ವಾಲಿ ನಿಂತಿದ್ದ ಒಂದು ಮರ ಹಿರಿಯಡ್ಕ ದಾಟಿದ ಮೇಲೆ ರಸ್ತೆಗೆ ಅಡ್ಡ ಬಿದ್ದು, ಅವನ ಬಸ್ಸು ನಿಂತಿತ್ತು. ಒಂದು ಅಂಗಡಿಯಿಂದ ಫೋನು ಮಾಡಿದ. “ಮರ ಕೊಯ್ಯಾಕತ್ತಾರ್ರಿ. ಸಂಜಿಮಟ ಆಗ್ತೈತಂತ.” ಇತ್ತ ಹಿರಿಯ ಡಾಕ್ಟರು ಊಟ ಮುಗಿಸಿ ಪರದೆಯ ಎದುರು ಕೂತಿದ್ದರು. ಮ್ಯಾನೇಜರು ಅವರ ಪಕ್ಕದಲ್ಲಿ, ಕೈಕಟ್ಟಿಕೊಂಡು. ನಾನು ನನ್ನ ಲ್ಯಾಪ್‌ಟಾಪನ್ನು ಡಾಕ್ಟರರ ಕೋಣೆಗೇ ತಂದು ಅಲ್ಲಿನ ಫೋನನ್ನು ಹಿಡಿದೆ.

“ಅಕ್ಕ, ಅವನು ಬರುವುದಿಲ್ಲ.”

“ಇಲ್ಲಿ ಬೀಡಿ ಕಟ್ಟುವ ಹೆಂಗಸೊಬ್ಬರು ಹೆಬ್ರಿಯಿಂದ ಬಂದಿದ್ದಾರೆ. ಬಲಗೈ ಮಣಿಗಂಟು ಊದಿ ಕೂತಿದೆ. ಚಿತ್ರ ತೆಗೆದಿಟ್ಟಿದ್ದೇನೆ. ಎಂತ ಮಾಡ್ಲಿ ಈಗ, ಬಸ್ಸಿಗೆ ಕೊಡ್ಲಾ?” ಅಕ್ಕನ ಧ್ವನಿ ಇಳಿದಿತ್ತು. ಬಸ್ಸೂ ಮರದ ಆಚೆ ನಿಂತಿದೆ ಎಂದು ನಾನು ಹೇಳಲಿಲ್ಲ.

ಉಡುಪಿಯಲ್ಲಿ ಕೂತು ಆ ಬದಲಾವಣೆ ಮಾಡುವುದೆಂದರೆ ಕೂತ ಕೊಂಬೆಯನ್ನೇ ಕಡಿದ ಹಾಗೆ. ಕಂಡಕಂಡವರು ಕೈಹಾಕಬಾರದೆಂದು ಕಾರ್ಕಳದ ಸ್ವಿಚ್ಚಿಗೆ ಅಲ್ಲಿನ ಎಕ್ಸ್-ರೇ ಕೋಣೆಯ ಕಂಪ್ಯೂಟರಿನಿಂದ ಮಾತ್ರ ಪ್ರವೇಶ ಎಂದು ಕಟ್ಟು ಮಾಡಿದವರು ನಾವೇ. ನಾನು ಉಡುಪಿಯಿಂದ ಆ ಕಂಪ್ಯೂಟರಿಗೆ ಹೋಗಿ, ಅದರ ಮೂಲಕ ಸ್ವಿಚ್ಚಿನ ಒಳಗೆ ಹೋಗಬೇಕು. ಅದೇ ಕೋಣೆಯನ್ನು ಬೇರೆ ಪಟ್ಟಿಗೆ ಸೇರಿಸಿದ ಕ್ಷಣ ವಿಳಾಸ ಅಳಿಯುತ್ತದೆ, ಸೋಮವಾರ ಅವನ ಟನೆಲ್ಲಿಗೆ ಆದದ್ದೇ. ವಿಳಾಸ ಹೋದರೆ ನಾನು ಹೊರಗೆ. ಮುಂದಿನ ಸಾಲು ಹಾಕಲು ಯಾರೂ ಇಲ್ಲ. ಎಲ್ಲ ಸಾಲುಗಳನ್ನೂ ಒಂದೇ ಫೈಲಿನಲ್ಲಿ ಬರೆದು, ಪೂರ್ತಿ ನುಂಗಿಕೊಂಡ ಮೇಲೆ ತಾನೇ ಒಂದೊಂದಾಗಿ ಜಾರಿ ಮಾಡು ಎಂದು ಸ್ವಿಚ್ಚಿಗೆ ಕೊಡಬಹುದು. ಆದರೆ ಅದರಲ್ಲೊಂದು ಸಾಲು ತಪ್ಪಿದರೂ ಕಾರ್ಕಳ ಕತ್ತಲಲ್ಲಿ ಉಳಿಯುತ್ತದೆ.

ಮ್ಯಾನೇಜರು ಗಡಿಯಾರ ನೋಡಿದರು. ಆಗ ನನಗೆ ಹೊಳೆಯಿತು. ವಾರಪೂರ್ತಿ ನಮ್ಮನ್ನು ಗೋಳಾಡಿಸಿದ ಆ ಎರಡು ಅಭ್ಯಾಸಗಳೇ ಇವತ್ತು ಬೇಕಾದದ್ದು! ಸೇವ್ ಮಾಡುವುದು ಬೇಡ. ತಪ್ಪಿದರೆ ಅಕ್ಕ ಪ್ಲಗ್ಗು ತೆಗೆಯಲಿ, ಸ್ವಿಚ್ಚು ಮೊದಲಿನಂತೆಯೇ ಎದ್ದುಬರುತ್ತದೆ.

“ಅಕ್ಕ, ಹಸಿರು ಟೇಪಿನ ಪ್ಲಗ್ಗು ಗೊತ್ತುಂಟಲ್ಲ? ಅದರ ಹತ್ತಿರ ನಿಲ್ಲಿ. ನಾನು ಹೇಳಿದಾಗ ತೆಗೆದು, ಹತ್ತು ಎಣಿಸಿ ತಿರುಗಿ ಹಾಕಬೇಕು.”

“ಗುಡುಗು ಇಲ್ಲದೆಯೂ?”

“ಇವತ್ತು ನಾನೇ ಗುಡುಗು.”

ಅಕ್ಕ ನಕ್ಕರು, ಆ ವಾರದಲ್ಲಿ ಮೊದಲ ಬಾರಿಗೆ. ಇಂತಿಷ್ಟು ಹೊತ್ತಿನ ನಂತರ ನೀನೇ ಆರಿ ಹೊತ್ತಿಕೋ ಎಂದು ಸ್ವಿಚ್ಚಿಗೇ ಮೊದಲು ಹೇಳಿಡುವ ಆಜ್ಞೆಯೊಂದು ಉಂಟು ಎಂದು ನನಗೆ ಗೊತ್ತಾದದ್ದು ಆಮೇಲೆ. ಗೊತ್ತಿದ್ದರೂ ಅಕ್ಕನಷ್ಟು ನಂಬುತ್ತಿದ್ದೆನೋ ಇಲ್ಲವೋ.

ಫೈಲು ಕಳಿಸಿದೆ. ನನ್ನ ಪರದೆ ನಿಂತಿತು. ಅದು ನಿಲ್ಲಲೇಬೇಕಿತ್ತು. ಈಗ ಟನೆಲ್ಲಿನ ಮೂಲಕ ಎಕ್ಸ್-ರೇ ಕೋಣೆ ಉತ್ತರ ಕೊಡಬೇಕು. ಪಿಂಗ್ ಕಳಿಸಿದೆ. ಇಲ್ಲ. ಇನ್ನೊಮ್ಮೆಯೂ ಇಲ್ಲ.

“ತೆಗೀರಿ ಅಕ್ಕ.”

ಪ್ಲಗ್ಗು ಕಿತ್ತ ಶಬ್ದ ಫೋನಿನಲ್ಲಿ ಕೇಳಿತು, ಆಮೇಲೆ ಅಕ್ಕ ಗಟ್ಟಿಯಾಗಿ ಹತ್ತು ಎಣಿಸಿದ್ದೂ ಕೇಳಿತು. ಸ್ವಿಚ್ಚು ಎದ್ದು ಕಣ್ಣುಜ್ಜಿಕೊಳ್ಳಲು ಕೆಲವು ನಿಮಿಷ ಬೇಕು. ಆ ನಿಮಿಷಗಳಲ್ಲಿ ನಾನು ಮೊಬೈಲಿನಿಂದ ಅವನಿದ್ದ ಅಂಗಡಿಗೆ ಫೋನು ಮಾಡಿ ಫೈಲನ್ನು ಓದಿ ಹೇಳಿದೆ. ಪಟ್ಟಿ ಮೊದಲು, ವಿಳಾಸ ಆಮೇಲೆ, ಎಲ್ಲ ಸರಿ ಇದೆ. ಅವನು ಇನ್ನೊಮ್ಮೆ ಓದಿಸಿದ. ಹಿಂದೆ ಗರಗಸದ ಶಬ್ದ.

“ಮೇಡಂ, ನಿನ್ನಿ ಲ್ಯಾಪ್‌ಟಾಪಿಗೆ ಎಕ್ಸ್-ರೇ ಪಟ್ಟಿಯೊಳಗ ಒಂದು ವಿಳಾಸ ಕೊಟ್ಟಿದ್ವಲ್ರಿ, ಅದನ್ನ ತಗದೀರೇನು?”

ತೆಗೆದಿರಲಿಲ್ಲ. ಪರೀಕ್ಷೆಗೆಂದು ಆ ಲ್ಯಾಪ್‌ಟಾಪಿಗೆ ನಾವು ಕೊಟ್ಟದ್ದು ಎಕ್ಸ್-ರೇ ಕೋಣೆಯದ್ದೇ ವಿಳಾಸವನ್ನು, ಎಲ್ಲ ನಿಜದಂತೆಯೇ ಇರಲಿ ಎಂದು. ಪಟ್ಟಿಗಳು ಬೇರೆ ಬೇರೆ ಇದ್ದಾಗ ಒಂದೇ ವಿಳಾಸ ಎರಡು ಕಡೆ ಇದ್ದರೂ ತಕರಾರಿಲ್ಲ. ಈಗ ಕೋಣೆಯನ್ನೂ ಅದೇ ಪಟ್ಟಿಗೆ ತಂದಾಗ ಸ್ವಿಚ್ಚು ಈ ವಿಳಾಸ ಆಗಲೇ ಒಬ್ಬರಿಗೆ ಹೋಗಿದೆ ಎಂದು ಕೊಡಲು ಒಪ್ಪಿರಲಿಲ್ಲ. ಒಲೆ ಬೇರೆಯಾಗಿದ್ದಾಗ ಇಲ್ಲದ ಜಗಳ ಒಲೆ ಒಂದಾದಾಗ ಎದ್ದಿತ್ತು.

ಹಳೆಯ ವಿಳಾಸವನ್ನು ಮೊದಲು ತೆಗೆ ಎಂಬ ಸಾಲನ್ನು ಫೈಲಿನ ನೆತ್ತಿಗೆ ಸೇರಿಸಿದೆ. ಕೊನೆಯಲ್ಲಿ, ಹೊಸ ಪಟ್ಟಿಯ ಕಡೆಯಿಂದಲೂ ಸ್ವಿಚ್ಚಿನೊಳಗೆ ಬರಲು ಬಿಡು ಎಂಬ ಸಾಲು ಇದೆಯೇ ಎಂದು ಇನ್ನೊಮ್ಮೆ ನೋಡಿಕೊಂಡೆ. ಅಷ್ಟರಲ್ಲಿ ಫೋನಿನಲ್ಲಿ ಒಂದು ಸದ್ದು ಉರುಳಿತು.

“ಗುಡುಗು ಬಂತು ಮಾರಾಯ್ತಿ!”

“ಒಂದು ನಿಮಿಷ ಅಕ್ಕ! ಫೈಲು ಈಗ ಕಳಿಸ್ತೇನೆ, ಸೇವ್ ಆಗುವ ತನಕ ತಡೀರಿ. ಈಗ ತೆಗೆದರೆ ಎಲ್ಲ ಹೋಗ್ತದೆ.”

“ಎಕ್ಸ್-ರೇ ಬೋರ್ಡು ಸುಟ್ಟರೆ ನೀನು ಕೊಡ್ತೀಯಾ?”

ನಾನು ಆ ಕೋಣೆಯ ಕಂಪ್ಯೂಟರಿನ ಮೂಲಕ ಪುನಃ ಸ್ವಿಚ್ಚಿನೊಳಗೆ ಹೋಗಿ ಫೈಲು ಕೊಟ್ಟೆ. ಫೈಲು ಹೋಯಿತು. ಪರದೆ ನಿಂತಿತು. ಪಿಂಗ್ ಕಳಿಸಿದೆ. ಮೊದಲನೆಯದು ಉತ್ತರವಿಲ್ಲದೆ ಹೋಯಿತು, ಎರಡನೆಯದಕ್ಕೆ ಉತ್ತರ ಬಂತು, ಮೂರನೆಯದಕ್ಕೂ ಬಂತು.

“ಚಿತ್ರ ಕಳಿಸಿ ಅಕ್ಕ!”

ಎರಡನೆಯ ಗುಡುಗು ಹತ್ತಿರದಲ್ಲೇ ಆಯಿತು. ಅಕ್ಕ ಏನನ್ನೋ ಜಪಿಸುತ್ತಿದ್ದದ್ದು ಕೇಳಿಸುತ್ತಿತ್ತು. ಆ ಹಿಂದಿನ ಸಿಡಿಲಿನ ನಂತರ ಮೊದಲ ಬಾರಿಗೆ ಅವರು ಗುಡುಗು ಕೇಳಿಯೂ ಪ್ಲಗ್ಗು ಬಿಟ್ಟು ನಿಂತಿದ್ದರು, ನನ್ನ ಮಾತನ್ನು ನಂಬಿ. ನಾನು ಟನೆಲ್ಲಿನಿಂದ ಸ್ವಿಚ್ಚಿನೊಳಗೆ ಹೋಗಿ ಸೇವ್ ಎಂದು ಹೊಡೆಯುತ್ತಿದ್ದ ಹೊತ್ತಿಗೆ ಡಾಕ್ಟರರ ಪರದೆಯ ಮೇಲೆ ಮೇಲಿನಿಂದ ಕೆಳಗೆ ಒಂದು ಕೈ ಇಳಿಯತೊಡಗಿತು. ಮೊದಲು ಬೆರಳು, ಆಮೇಲೆ ಅಂಗೈ, ಆಮೇಲೆ ಮಣಿಗಂಟಿನ ಸಣ್ಣ ಸಣ್ಣ ಮೂಳೆಗಳು.

“ಬಂತು” ಎಂದರು ಡಾಕ್ಟರು.

“ಸೇವ್ ಆಯ್ತು ಅಕ್ಕ, ತೆಗೀರಿ!”

ಫೋನು ಫಕ್ಕನೆ ಸತ್ತಿತು. ನನ್ನ ಪರದೆಯಲ್ಲಿ ಕಾರ್ಕಳವೂ ಆರಿತು. ಮ್ಯಾನೇಜರು ಬೆಚ್ಚಿ, “ಎಂತ ಆಯ್ತು? ಹೋಯ್ತಾ?” ಎಂದು ಕೇಳಿದರು.

“ಕಾರ್ಕಳದಲ್ಲಿ ಗುಡುಗು, ಸರ್. ಮಳೆ ಬಿಟ್ಟ ಮೇಲೆ ಬರ್ತದೆ” ಎಂದೆ.

ಡಾಕ್ಟರು ಆ ಮಣಿಗಂಟನ್ನು ದೊಡ್ಡದು ಮಾಡಿ, ತಿರುಗಿಸಿ, ಸಾವಕಾಶ ನೋಡಿದರು. “ಮುರಿದಿಲ್ಲ. ಉಳುಕಿದ್ದು. ಪ್ಲಾಸ್ಟರು ಬೇಡ, ಬಟ್ಟೆ ಕಟ್ಟಿ ಎಂಟು ದಿನ ಬೀಡಿ ಬಿಟ್ಟರೆ ಸಾಕು” ಎಂದು ವರದಿ ಬರೆದರು. ಮ್ಯಾನೇಜರು ಎದ್ದು ಹೋಗಲಿಲ್ಲ. ಮಳೆ ಬಿಟ್ಟ ಮೇಲೆ ಬರುವುದನ್ನು ನೋಡಿಯೇ ಹೋಗುತ್ತೇನೆ ಎಂದು ಚಾ ತರಿಸಿದರು. ನಾನು ಚಾ ಮುಟ್ಟದೆ ಪಿಂಗ್ ಓಡಲು ಬಿಟ್ಟು ಕೂತೆ. ಒಂದು ವಾರ ಬೆಳಿಗ್ಗೆ ಬೆಳಿಗ್ಗೆ ಇಲ್ಲವಾದದ್ದನ್ನು ನೋಡಿದವಳು ನಾನು. ಸೇವ್ ಎಂದು ಹೊಡೆದದ್ದು ಕನಸಿನಲ್ಲೋ ಎಂದು ಅನುಮಾನ ಬಂತು.

ಚಾ ಆರಿ, ಡಾಕ್ಟರು ಪೇಪರು ಓದಿ ಮುಗಿಸಿದ ಮೇಲೆ, ಓಡಲು ಬಿಟ್ಟಿದ್ದ ಪಿಂಗಿಗೆ ಒಂದು ಉತ್ತರ ಬಂತು. ಆಮೇಲೆ ಇನ್ನೊಂದು, ಆಮೇಲೆ ಸಾಲಾಗಿ. ಯಾರೂ ಬಸ್ಸು ಹತ್ತಲಿಲ್ಲ, ಯಾರೂ ಒಂದು ಸಾಲು ಹಾಕಲಿಲ್ಲ. ತಾನಾಗಿಯೇ ಬಂತು. ನಾನು ಡಾಕ್ಟರರ ಎದುರಿನಲ್ಲೇ ಕೈ ತಟ್ಟಿ ಕುಣಿದೆ. ಮ್ಯಾನೇಜರು ನಕ್ಕು, “ಹಾಗಾದರೆ ಸೋಮವಾರ ಬರುವವರಿಗೆ ಬರುವುದು ಬೇಡ ಅಂತ ಹೇಳ್ತೇನೆ” ಎಂದು ಎದ್ದರು.

ಫೋನು ಹೊಡೆದುಕೊಂಡಿತು.

“ಬಂತಾ?”

“ಬಂತು ಅಕ್ಕ. ನೀವು ಪ್ಲಗ್ಗು ಹಾಕಿದಿರಿ, ಅದಾಗಿಯೇ ಬಂತು. ಆ ಹೆಂಗಸಿಗೆ ಹೇಳಿ, ಮುರಿದಿಲ್ಲವಂತೆ. ಮತ್ತೆ ಯಂತ್ರ ಅಲ್ಲೇ ಇರ್ತದಂತೆ, ಈಗಷ್ಟೇ ಹೇಳಿದರು.”

ಲೈನು ಪುನಃ ಹೋಯಿತೇ ಎಂದು ನಾನು ಹಲೋ ಹಲೋ ಎಂದೆ. ಅಕ್ಕ ಅಳುತ್ತಿದ್ದರು. ನನ್ನ ಕಣ್ಣಲ್ಲೂ ನೀರು ಬಂತು, ನಾಚಿಕೆಯಿಲ್ಲದೆ ಒರಸಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವರು ಮೂಗು ಏರಿಸಿಕೊಂಡು, ಎಂದಿನ ಗಡಸು ಧ್ವನಿಯಲ್ಲಿ ಹೇಳಿದರು:

“ಇಡ್ತೇನೆ ಮಾರಾಯ್ತಿ. ಹೊರಗೆ ಇನ್ನೊಬ್ಬರು ಕಾದು ಕೂತಿದ್ದಾರೆ, ಈಗಿನ ಮಳೆಗೆ ಮೆಟ್ಟಿಲಲ್ಲಿ ಜಾರಿದ್ದಂತೆ. ಡಾಕ್ಟರರಿಗೆ ಅಲ್ಲೇ ಕೂತಿರಲಿಕ್ಕೆ ಹೇಳು.”